ಜರುಗುವ ಚೌಕಗಳು

ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಗಂಡ ಬೇಕಾದ್ದನ್ನು ಮುಟ್ಟಿ ತೋರಿಸಲೆಂದು ವಾರಿಜಾ ಟ್ಯಾಬಿನ ನೋಟ್ಸ್ ಆ್ಯಪಿನಲ್ಲಿ ಚೌಕಗಳನ್ನು ಜೋಡಿಸಿದ್ದಳು: ನೀರು, ಊಟ, ನೋವು, ಆಸ್ಪತ್ರೆ. ಅವನು ಬೆರಳಿಟ್ಟರೆ ಸಾಕು, ಚೌಕಗಳು ಜರುಗಿ ಪುಟವೆಲ್ಲ ಚೆಲ್ಲಾಪಿಲ್ಲಿಯಾಗುತ್ತಿತ್ತು.

ರೋಸಿಹೋಗಿ ಆ್ಯಪಿನ ಕಂಪನಿಗೆ ಫೋನ್ ಮಾಡಿದಳು. “ಜೋಡಿಸಿದ್ದು ಹಾಗೇ ಇರೋಕೆ ಒಂದು ಲಾಕ್ ಕೊಡಿ ಅಂತ ಎಷ್ಟು ಸಲ ಕೇಳೋದು?”

“ಬೇರೆ ಯಾರೂ ಕೇಳಿಲ್ಲ, ಮೇಡಂ.”

“ಬೇರೆಯವರ ಗಂಡಂದಿರಿಗೆ ಮಾತು ಬರುತ್ತೆ.”

ಆ ಕಡೆಯವನು ದೂರು ಬರೆದುಕೊಂಡ. ಮುಂದಿನ ಅಪ್‌ಡೇಟಿನಲ್ಲಿ ಲಾಕ್ ಬಂತು. ಪುಟಕ್ಕೆ ಬೀಗ ಹಾಕಿ ಅವಳು ಟ್ಯಾಬನ್ನು ಗಂಡನ ಮುಂದಿಟ್ಟಳು.

“ಇನ್ನು ಜರುಗಲ್ಲ ರೀ. ಏನು ಬೇಕೋ ಮುಟ್ಟಿ.”

ಅವನು ‘ಆಸ್ಪತ್ರೆ’ಯ ಮೇಲೆ ಬೆರಳೂರಿ ಪುಟದ ಅಂಚಿನಾಚೆಗೆ ತಳ್ಳಿದ. ಅದು ಕದಲಲಿಲ್ಲ. ಅವಳ ಮುಖವನ್ನೇ ನೋಡುತ್ತ ಮತ್ತೆ ತಳ್ಳಿದ.