ಎರಡನೇ ಬೀಗ

ವಿದ್ಯುತ್ ಕೇಂದ್ರದ ಸ್ವಿಚ್ಚಿನ ಹಿಡಿಗೆ ಹಾಕಿದ್ದ ಕೆಂಪು ಬೀಗಕ್ಕೆ ಡ್ಯಾರೆಲ್ ಕಟ್ಟರ್ ಹಚ್ಚಿದ್ದೇ ತಡ, ಮಾರಿಸೆಲಾ ಅವನ ಕೈ ಹಿಡಿದಳು. ಬೀಗದಿಂದ ಹೆಸರಿನ ಚೀಟಿಯೊಂದು ತೂಗುತ್ತಿತ್ತು. ಲೈನ್ ಕೆಲಸಕ್ಕೆ ಹೋದವನು ಬಂದು ತನ್ನ ಬೀಗ ತಾನೇ ತೆಗೆಯುವವರೆಗೆ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ; ಸ್ವಿಚ್ಚು ಹಾಕಿದರೆ ಕಂಬದ ಮೇಲಿರುವವನಿಗೆ ಕರೆಂಟು ಹೊಡೆದೀತು.

“ಮೇಡಂ, ನಮ್ಮ ಜನ ಎಲ್ಲಾ ಕಂಬದಿಂದ ಇಳಿದಾಯ್ತು. ಇದು ಯಾವನೋ ಗುತ್ತಿಗೆಯವನದು, ಮರೆತು ಊಟಕ್ಕೆ ಹೋಗಿರ್ತಾನೆ. ಕರೆಂಟಿಲ್ದೆ ಅರ್ಧ ಲಾರೆಡೊ ಊರು ಸೆಕೆಗೆ ಬೇಯ್ತಿದೆ, ದೊಡ್ಡ ಸಾಹೇಬ್ರು ನಾಲ್ಕು ಸಲ ಫೋನ್ ಮಾಡಿದ್ರು.”

“ಅವನು ಇಳಿದಿದ್ದನ್ನ ನೀನು ನೋಡಿದ್ಯಾ?”

“ನಿಮ್ಮ ಕಡೆಯವ್ರಿಗೆಲ್ಲ ಹೀಗೆ ಕಾವಲು ಕೂತ್ರೆ, ನಾಳೆ ನಿಮ್ಮ ಕುರ್ಚಿ ಉಳಿಯಲ್ಲ.”

ಹೊಂಡುರಾಸಿನಿಂದ ಬಂದು, ಇದೇ ಊರಿನ ಕಂಬಗಳನ್ನು ಹತ್ತಿ ಕೆಲಸ ಕಲಿತು, ಈಗ ಇಡೀ ವಿಭಾಗದ ಮುಖ್ಯಸ್ಥೆಯಾಗಿದ್ದವಳು ಅವಳು. ಕೈಚೀಲದಿಂದ ತನ್ನ ಹಳೆಯ ಬೀಗ ತೆಗೆದು ಮೊದಲನೆಯದರ ಪಕ್ಕದಲ್ಲೇ ಜಡಿದಳು. “ಈಗ ಕತ್ತರಿಸು. ಮೊದಲು ನನ್ನದು.”

ದೊಡ್ಡ ಸಾಹೇಬರ ಫೋನ್ ಮತ್ತೆ ಹೊಡೆದುಕೊಂಡಿತು; ಈ ಸಲ ಅವಳೇ ಎತ್ತಿದಳು. “ಸರ್, ಬೀಗ ನಾನೇ ಹಾಕಿದ್ದು. ಕುರ್ಚಿ ಬೇಕಾದ್ರೆ ತಗೊಳ್ಳಿ, ಕೀ ಕೊಡಲ್ಲ,” ಎಂದು ಇಟ್ಟುಬಿಟ್ಟಳು.

ಇಪ್ಪತ್ತು ನಿಮಿಷದ ಮೇಲೆ, ಸೊಂಟದ ಬೆಲ್ಟನ್ನೂ ಬಿಚ್ಚದೆ, ಬೆವರಿನಲ್ಲಿ ತೊಯ್ದವನೊಬ್ಬ ಗೇಟಿನೊಳಗೆ ಬಂದ. “ತಡವಾಯ್ತು ಸಿನ್ಯೋರಾ, ಕೊನೇ ಕಂಬದಿಂದ ಈಗ ಇಳಿದೆ,” ಎಂದು ತನ್ನ ಬೀಗ ತೆಗೆದ.

ಡ್ಯಾರೆಲ್ ಕಟ್ಟರ್ ಕೆಳಗಿಟ್ಟ. “ಮೇಡಂ, ನಿಮ್ಮದೂ ತೆಗೀರಿ...”

ಮಾರಿಸೆಲಾ ಆ ತೆಗೆದ ಬೀಗದ ಚೀಟಿಯನ್ನು ಡ್ಯಾರೆಲ್‌ನ ಕಣ್ಣೆದುರು ಹಿಡಿದಳು. “ಯಾವನೋ ಅಂದ್ಯಲ್ಲ, ಹೆಸರು ಓದು.”

“ನಿಕಾನೋರ್... ಬರಾಹೋನಾ.”

“ಚೀಟಿ ನೋಡ್ಕೊಂಡಲ್ಲ, ಅವನ ಮುಖ ನೋಡ್ಕೊಂಡು ಹೇಳು,” ಎಂದಳು. ಕೀಲಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.