ಏಕಾದಶಿಯ ದಿನದ ಸೂಜಿ

ಗದಗಿನ ಕಡೆಯ ಒಂದು ಊರು. ಅಲ್ಲಿ ರುಕ್ಮವ್ವ ಎಂಬ ಅಜ್ಜಿ... ಊರ ಹೆಣ್ಣುಮಕ್ಕಳ ರವಿಕೆ ಹೊಲಿಯುತ್ತಲೇ ಮುದುಕಿಯಾದವಳು.

ಸಕ್ಕರೆ ಕಾಯಿಲೆ ಬಂತು. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಚುಚ್ಚಿಕೊಳ್ಳುವುದನ್ನು ದವಾಖಾನೆಯ ಡಾಕ್ಟರಮ್ಮ ಕಲಿಸಿಕೊಟ್ಟರು.

"ನಾ ಹಾಕ್ತೀನಿ ತಾ ಅವ್ವಾ" ಎಂದ ಮಗ ಏಕನಾಥ.

"ನಿನಗ ಅಂಗಿ ಗುಂಡಿ ಹಚ್ಚಾಕ ಬರಂಗಿಲ್ಲ, ನನಗ ಸೂಜಿ ಹಿಡಿಯೂದು ಕಲಸ್ತೀಯೇನೋ?" ಎಂದು ನಕ್ಕಳು ರುಕ್ಮವ್ವ.

ಯಾರ ಕೈಯನ್ನೂ ಕಾಯದೆ ತನ್ನ ಔಷಧ ತಾನೇ ತೆಗೆದುಕೊಳ್ಳುವುದು... ಆ ವಯಸ್ಸಿನಲ್ಲಿ ಅವಳಿಗೆ ಉಳಿದಿದ್ದ ಹೆಮ್ಮೆ ಅದೊಂದೇ.

ಏಕಾದಶಿ ಬಂತು. ವಿಠಲನಿಗಾಗಿ ಉಪವಾಸ. ಹಾಗಂತ ಡಾಕ್ಟರ ಮಾತು ಮೀರಬಹುದೇ? ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡು, ಖಾಲಿ ಹೊಟ್ಟೆಯಲ್ಲಿ ಭಜನೆಗೆ ಹೋದಳು.

ತಾಳ ಹಿಡಿದ ಕೈ ನಡುಗತೊಡಗಿತು... ಮೈಯೆಲ್ಲ ಬೆವರು... ಮಾತು ತೊದಲಿತು.

"ವಿಠಲ ಮೈಮ್ಯಾಲೆ ಬಂದಾನ!" ಎಂದು ಪಕ್ಕದವರು ಕೈಮುಗಿದರು.

ಇದು ಮೈಯ ಸಕ್ಕರೆ ಇಳಿದ ನಡುಕ ಎಂದು ಅರಿತ ಏಕನಾಥ ಓಡಿಬಂದು ಸಕ್ಕರೆ ನೀರು ಕುಡಿಸಿದ. ದೇವರು ದೊಡ್ಡವನು, ನುಂಗುವಷ್ಟು ಎಚ್ಚರ ಇನ್ನೂ ಇತ್ತು. ಅಲ್ಲಿಂದ ನೇರ ದವಾಖಾನೆಗೆ.

"ಡಾಕ್ಟರ್ರ, ನಾಳಿಂದ ಸೂಜಿ ಅವ್ವನ ಕೈಯಾಗ ಕೊಡಂಗಿಲ್ರೀ" ಎಂದ ಏಕನಾಥ.

ರುಕ್ಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ದೇವರ ಮಾತೂ ಕೇಳಿದೆ, ನಿಮ್ಮ ಮಾತೂ ಕೇಳಿದೆ... ನನ್ನ ಕೈ ಎಲ್ಲಿ ತಪ್ಪೇತಿ ತಾಯಿ?"

ಡಾಕ್ಟರಮ್ಮನ ಕಣ್ಣು ತುಂಬಿತು.

"ನಿಮ್ಮ ಕೈ ತಪ್ಪಿಲ್ಲ ಅವ್ವಾ. ಚುಚ್ಚೂದು ಕಲಿಸಿದೆ... ಉಪವಾಸ ಮಾಡ್ತೀರೇನು ಅಂತ ನಾ ಕೇಳಲಿಲ್ಲ. ನೀವೂ ಹೇಳಲಿಲ್ಲ."

ಉಣ್ಣದೆ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ತೀರಾ ಇಳಿದು ಪ್ರಾಣಕ್ಕೇ ಕುತ್ತು ಎಂದು ಎಲ್ಲವನ್ನೂ ಮೊದಲಿನಿಂದ ತಿಳಿಸಿ ಹೇಳಿ, "ಈಗ ನಾನ ಪೇಶೆಂಟು. ನೀವು ನನಗ ಕಲಿಸ್ರಿ" ಎಂದರು.

ರುಕ್ಮವ್ವ ಕಣ್ಣೊರೆಸಿಕೊಂಡಳು. "ತಾಟು ಮುಂದ ಬಂದ ಮ್ಯಾಲೇ ಸೂಜಿ. ಉಪವಾಸ ಇದ್ರ ಮದಲ ನಿಮ್ಮನ್ನ ಕೇಳೂದು. ನಡುಕ ಬಂದ್ರ ತಡಾ ಮಾಡದ ಸಕ್ಕರಿ. ಅಳತಿ ತಗೊಳ್ಳದೇ ರವಿಕಿ ಬಟ್ಟಿಗೆ ಕತ್ತರಿ ಹಾಕಿದ್ನಲ್ರೀ ನಾ!"

ಡಾಕ್ಟರಮ್ಮ ನಗುತ್ತಾ ಇನ್ಸುಲಿನ್ ಚುಚ್ಚುವ ಪೆನ್ನನ್ನು ಅವಳ ಕೈಯಲ್ಲೇ ಇಟ್ಟರು.

ಮುಂದಿನ ಏಕಾದಶಿ. ಉಪವಾಸ ಬೇಡ ಎಂದಿದ್ದರು ಡಾಕ್ಟರಮ್ಮ. ರುಕ್ಮವ್ವ ಉಪ್ಪಿಟ್ಟಿನ ತಾಟನ್ನು ವಿಠಲನ ಪಟದ ಮುಂದಿಟ್ಟಳು.

"ಸಿಟ್ಟಾಗಬ್ಯಾಡಪಾ... ಇವತ್ತ ಉಂಡೇ ಬರ್ತೀನಿ. ನಿನ್ನ ಭಜನಿ ಮಾಡಾಕ ನಾ ಇರಬೇಕಲ್ಲ?"

ಅಂದು ತಾಳ ಹಿಡಿದ ಕೈ ನಡುಗಲಿಲ್ಲ.

*

ಔಷಧ ತೆಗೆದುಕೊಳ್ಳುವ ಕೈಗೆ ಧೈರ್ಯವಿದ್ದರೆ ಸಾಲದು, ಕೇಳಿ ತಿಳಿಯುವ ಬಾಯಿಯೂ ಬೇಕು.

ನಿಮ್ಮ ಮನೆಯ ಹಿರಿಯರು ಔಷಧ ತೆಗೆದುಕೊಂಡರೇ ಎಂದು ದಿನಾ ಕೇಳುತ್ತೀರಿ... ಉಂಡರೇ ಎಂದು ಕೇಳಿದ್ದೀರಾ?