ಇವನಿಗೆ ಏನಾಗಬೇಕು?

ಆ ಗ್ರೀಕ್ ನಗರದ ಕೋಟೆಯ ಹೊರಗೆ ಹೆಣವೊಂದು ಬಿದ್ದು ಮೂರು ದಿನವಾಗಿತ್ತು. ಶತ್ರುಗಳನ್ನು ಕೂಡಿಕೊಂಡು ಹುಟ್ಟಿದೂರಿನ ಮೇಲೆಯೇ ದಂಡೆತ್ತಿ ಬಂದಿದ್ದವನ ಹೆಣ. ಅದಕ್ಕೆ ಮಣ್ಣು ಕೊಟ್ಟವರಿಗೆ ಮರಣದಂಡನೆ ಎಂದು ರಾಜ ಡಂಗುರ ಸಾರಿಸಿದ್ದ. ಕಾವಲಿಗಿದ್ದವನು ಒಬ್ಬನೇ ಸೈನಿಕ. ರಾಜನ ಭಯಕ್ಕೋ ವಾಸನೆಗೋ, ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಮನುಷ್ಯರ ದನಿ ಕೇಳದೆ ಬೇಸತ್ತು ಅವನು ಹದ್ದುಗಳ ಜೊತೆಯೇ ಮಾತಾಡತೊಡಗಿದ್ದ.

ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ಮುದುಕಿಯೊಬ್ಬಳು ಬಂದವಳೇ ಹೆಣದ ಮೇಲೆ ಬೊಗಸೆ ಬೊಗಸೆ ಮಣ್ಣು ಸುರಿಯತೊಡಗಿದಳು. ಸೈನಿಕ ಓಡಿ ಬಂದು ಅವಳ ಕೈ ಹಿಡಿದ. ಮೂರು ದಿನಗಳ ಮೇಲೆ ಬೆಚ್ಚಗಿನ ಕೈಯೊಂದು ಸೋಕಿದ್ದಕ್ಕೆ ಹಿಡಿತ ತಾನಾಗಿ ಸಡಿಲವಾಯಿತು.

“ಸುಮ್ಮನೆ ಹೊರಟುಹೋಗಮ್ಮ. ನಾನು ಏನೂ ಕಂಡಿಲ್ಲ ಅಂತೀನಿ.”

“ಇನ್ನೂ ಕಾಲು ಮುಚ್ಚಿಲ್ಲಪ್ಪ.”

“ಹೆತ್ತ ಕರುಳಿನ ಸಂಕಟ ನನಗೂ ತಿಳಿಯುತ್ತೆ. ಹಾಗಂತ ಮಗನ ಹಿಂದೆ ನೀನೂ ಸಾಯ್ತೀಯಾ?”

“ಇವನ ತಾಯಿ ನಾನಲ್ಲ. ಅವಳನ್ನ ಮನೆಯೊಳಗೆ ಕೂಡಿಹಾಕಿ ಬಾಗಿಲಿಗೆ ಕಾವಲು ಹಾಕಿದ್ದೀರಲ್ಲ. ಅವಳು ಅಳೋದು ಪಕ್ಕದಲ್ಲಿರೋ ನಮ್ಮನೆಗೆ ಕೇಳಿಸುತ್ತೆ.”

“ಹಾಗಾದರೆ ನೀನು ಇವನಿಗೆ ಏನಾಗಬೇಕು?”

ಮುದುಕಿ ಬಗ್ಗಿ ಇನ್ನೊಂದು ಬೊಗಸೆ ಮಣ್ಣು ತುಂಬಿಕೊಂಡಳು.

“ಏನೂ ಆಗಬೇಕಿಲ್ಲ. ಇವನ ಈಟಿಗೆ ಸತ್ತವನನ್ನ ಮೊನ್ನೆ ಊರಿಗೆ ಊರೇ ಸೇರಿ ಮೆರವಣಿಗೆಯಲ್ಲಿ ಮಣ್ಣು ಮಾಡಿತಲ್ಲ, ಅವನು ನನ್ನ ಮಗ.”